ಎಚೆವೇರಿಯಾ ಉದ್ದಕ್ಕೆ ಬೆಳೆದು ವಾಲಿದೆ, ತಲೆ ಕತ್ತರಿಸಲೇಬೇಕಾ?

ಕಿಟಕಿ_ತೋಟ
ಎಲ್ಲರಿಗೂ ನಮಸ್ಕಾರ. ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಡೋ ಗಿಡಗಳ ವಿಷಯದಲ್ಲಿ ನಾನು ಹೊಸಬಳು. ಇರೋದು ಒಂದೇ ಎಚೆವೇರಿಯಾ, ಯಾವ ಜಾತಿ ಅಂತ ಗೊತ್ತಿಲ್ಲ. ತಂದಾಗ ಅಂಗೈ ಅಗಲಕ್ಕೆ ಚಪ್ಪಟೆಯಾಗಿ, ಎಲೆ ಮೇಲೆ ಎಲೆ ಒತ್ತಿಕೊಂಡು ಕೂತಿತ್ತು. ಅಂಚಿನಲ್ಲಿ ತೆಳು ಗುಲಾಬಿ ಬಣ್ಣ ಬೇರೆ.

ಈಗ ಕಾಂಡ ಬೆರಳುದ್ದ ಮೇಲೆದ್ದಿದೆ. ಎಲೆಗೂ ಎಲೆಗೂ ನಡುವೆ ಜಾಗ ಬಿಟ್ಟಿದೆ, ಎಲೆಗಳ ತುದಿ ಕೆಳಕ್ಕೆ ಬಾಗಿದೆ, ಇಡೀ ಗಿಡ ಕಿಟಕಿ ಕಡೆ ವಾಲಿದೆ. ಗುಲಾಬಿ ಬಣ್ಣ ಮಾಯ, ಬರೀ ಹಸಿರು. ಬುಡದ ಒಂದೆರಡು ಎಲೆ ಒಣಗಿ ಸುರುಟಿಕೊಂಡಿವೆ. ಮಾರಿದವರು "ವಾರಕ್ಕೆ ಎರಡು ಚಮಚ ನೀರು, ಕಿಟಕಿ ಹತ್ತಿರ ಇಟ್ಟರೆ ಸಾಕು" ಅಂದಿದ್ದರು. ಹಾಗೇ ಮಾಡ್ತಾ ಬಂದಿದ್ದೇನೆ.

ನೀರು ಜಾಸ್ತಿ ಆಯ್ತಾ, ಕಡಿಮೆ ಆಯ್ತಾ? ವಿಡಿಯೋಗಳಲ್ಲಿ ತಲೆ ಕತ್ತರಿಸಿ ಬೇರೆ ನೆಡಿ ಅಂತಾರೆ. ಬದುಕಿರೋ ಗಿಡದ ಕುತ್ತಿಗೆಗೆ ಬ್ಲೇಡ್ ಇಡೋಕೆ ಕೈ ಬರ್ತಿಲ್ಲ. ಬೇರೆ ದಾರಿ ಇಲ್ವಾ?

ಮರಳುಮಣ್ಣು
ಬೆಳಕು ಸಾಲ್ತಿಲ್ಲ. ನೀರಿನ ಮಾತು ಆಮೇಲೆ.

ಟೆರೇಸ್_ರಾಣಿ
ಮರಳುಮಣ್ಣು ಹೇಳಿದ್ದೇ ಸರಿ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಎಚೆವೇರಿಯಾ ಹೆಚ್ಚಿನವು ಮೆಕ್ಸಿಕೋದ ಬೆಟ್ಟಗುಡ್ಡಗಳವು. ಬಂಡೆ ಸಂದಿಯಲ್ಲಿ, ಬಯಲು ಬೆಳಕಿನಲ್ಲಿ ಬೆಳೆಯೋ ಗಿಡ. ಬೆಳಕು ಸಾಕಷ್ಟು ಇದ್ದಾಗ ಕಾಂಡ ಉದ್ದ ಆಗೋ ಅಗತ್ಯವೇ ಬೀಳಲ್ಲ, ಎಲೆಗಳು ಒತ್ತಾಗಿ ಸುತ್ತುತ್ತವೆ. ಕಮ್ಮಿ ಆದರೆ ಗಿಡ ಬೆಳಕು ಹುಡುಕಿಕೊಂಡು ಮೇಲಕ್ಕೆ ಓಡುತ್ತೆ. ಎಲೆ ತುದಿ ಕೆಳಗೆ ಬಾಗೋದು ಅದರ ಮೊದಲ ಸೂಚನೆ. ಎಲೆಯ ಅಗಲವನ್ನೆಲ್ಲ ಬೆಳಕಿಗೆ ಒಡ್ಡೋ ಪ್ರಯತ್ನ ಅದು. ಕಾಂಡ ಉದ್ದ ಆಗೋದು ಆಮೇಲೆ.

"ಕಿಟಕಿ ಹತ್ತಿರ" ಅನ್ನೋದು ಮೋಸದ ಮಾತು. ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದಿಕೊಳ್ಳುತ್ತೆ, ಹಾಗಾಗಿ ಕೋಣೆ ಬೆಳಕಾಗೇ ಕಾಣುತ್ತೆ. ಕಿಟಕಿಯಿಂದ ಒಂದು ಮೀಟರ್ ಒಳಗೆ ಬಂದರೆ ಬೆಳಕು ಎಷ್ಟೋ ಪಾಲು ಇಳಿದುಹೋಗಿರುತ್ತೆ. ಸುಲಭದ ಪರೀಕ್ಷೆ: ಹಗಲು ಹೊತ್ತು ಗಿಡದ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳು ಎಣಿಸೋ ಹಾಗೆ ಚೂಪಾದ ನೆರಳು ಬಿದ್ದರೆ ಎಚೆವೇರಿಯಾಗೆ ಸಾಕು. ಮಸುಕು ಮಸುಕಾಗಿ ಬಿದ್ದರೆ ಹಾವರ್ತಿಯಾ ಥರದ ನೆರಳು ತಡೆಯೋ ಸಕ್ಯುಲೆಂಟ್‌ಗೆ ಪರವಾಗಿಲ್ಲ, ಎಚೆವೇರಿಯಾಗೆ ಆಗಲ್ಲ.

ಒಮ್ಮೆ ಉದ್ದ ಆದ ಕಾಂಡ ಮತ್ತೆ ಗಿಡ್ಡ ಆಗಲ್ಲ. ಬಿಸಿಲಿಗೆ ಇಟ್ಟರೆ ಇನ್ಮುಂದೆ ಬರೋ ಎಲೆ ಒತ್ತಾಗಿ ಬರುತ್ತೆ, ಅಷ್ಟೇ. ಹಳೆ ಭಾಗ ಹಾಗೇ ಉಳಿಯುತ್ತೆ. ಅದಕ್ಕೇ ಕತ್ತರಿಸೋದು.

ಗುಬ್ಬಚ್ಚಿ
ಎಲ್ಲರೂ ಯಾಕೆ ತಕ್ಷಣ ಬ್ಲೇಡ್ ಹಿಡ್ಕೊಂಡು ಬರ್ತೀರಾ? ಗಿಡ ಸಾಯ್ತಿಲ್ಲವಲ್ಲ. ಕಾಂಡ ಬಂದ ಎಚೆವೇರಿಯಾಗೂ ಒಂದು ಚೆಂದ ಇದೆ. ಗಿಬ್ಬಿಫ್ಲೋರಾ ಗುಂಪಿನ ದೊಡ್ಡ ಎಲೆಯವು ಒಳ್ಳೆ ಬಿಸಿಲಲ್ಲೂ ಕಾಂಡ ಬಿಡುತ್ತವೆ, ಅದು ಅವುಗಳ ಸ್ವಭಾವ. ಬೆಳಕಿಗೆ ಇಡಿ, ಒಂದು ಕಡ್ಡಿ ಊರಿ ಆಸರೆ ಕೊಡಿ, ಬಿಡಿ.

ಟೆರೇಸ್_ರಾಣಿ
ವಯಸ್ಸಾಗಿ ಬರೋ ಕಾಂಡ ಬೇರೆ, ಬೆಳಕಿನ ಹಸಿವಿನಿಂದ ಬರೋ ಕಾಂಡ ಬೇರೆ ಗುಬ್ಬಚ್ಚಿ. ಮೊದಲನೆಯದು ದಪ್ಪ, ಕಂದು, ಗಟ್ಟಿ, ಮೇಲಿನ ಸುತ್ತು ಬಿಗಿಯಾಗೇ ಇರುತ್ತೆ. ಇವರು ಹೇಳ್ತಿರೋದು ತೆಳ್ಳಗೆ, ಹಸಿರಾಗಿ, ವಾಲಿಕೊಂಡಿರೋದು. ಅದರ ಮೇಲೆ ಹೊಸ ತಲೆ ದಪ್ಪ ಆದರೆ ಕಾಂಡಕ್ಕೆ ಭಾರ ತಡೆಯೋಕೆ ಆಗಲ್ಲ.

ಹಳೇಕುಂಡ
ಎರಡು ಚಮಚ ನೀರು ಅಂತ ಹೇಳೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಔಷಧಿ ಕುಡಿಸ್ತಿದ್ದಾರಾ? ಎರಡು ಚಮಚ ಹಾಕಿದರೆ ಮೇಲಿನ ಮಣ್ಣು ಒದ್ದೆ, ಬೇರು ಇರೋ ಕಡೆ ಬರಗಾಲ. ಬೇರು ಮೇಲ್ಮೇಲೇ ಹರಡುತ್ತೆ, ಆಳಕ್ಕೆ ಇಳಿಯಲ್ಲ.

ನೀರು ಹಾಕೋದಾದರೆ ತಳದ ತೂತಿನಿಂದ ಹರಿದು ಬರೋವರೆಗೆ ಹಾಕಿ. ಆಮೇಲೆ ಪೂರ್ತಿ ಒಣಗೋವರೆಗೆ ಮುಟ್ಟಬೇಡಿ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಅಂತ ಕ್ಯಾಲೆಂಡರ್ ನೋಡಬೇಡಿ, ಗಿಡ ನೋಡಿ. ಕೆಳಗಿನ ಸಾಲಿನ ಒಂದು ಎಲೆಯನ್ನ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ನೀರು ಬೇಡ. ಮೆತ್ತಗಾಗಿ ಸ್ವಲ್ಪ ಬಾಗಿದರೆ, ಮೇಲೆ ಸಣ್ಣ ಗೆರೆ ಬಿದ್ದಿದ್ದರೆ ಹಾಕಿ. ಒತ್ತಿದ ಕಡೆ ಎಲೆ ಮೇಲಿನ ಬೂದು ಪುಡಿ ಅಳಿಸಿ ಗುರುತು ಉಳಿಯುತ್ತೆ, ಅದಕ್ಕೇ ಕಣ್ಣಿಗೆ ಬೀಳದ ಕೆಳಗಿನ ಎಲೆ.

ಬುಡದ ಒಂದೆರಡು ಎಲೆ ಒಣಗೋದು ಮಾಮೂಲಿ. ಗಿಡ ಹಳೆ ಎಲೆಯ ನೀರು ಎಳ್ಕೊಂಡು ಬಿಸಾಡುತ್ತೆ. ಅದನ್ನ ಕಿತ್ತು ತೆಗೀರಿ, ಇಲ್ಲಾಂದ್ರೆ ಹುಳ ಅಡಗಿಕೊಳ್ಳುತ್ತೆ. ಹೆದರಬೇಕಾದ್ದು ಒಣಗಿದ ಎಲೆಗಲ್ಲ. ಹಳದಿಯಾಗಿ, ನೀರು ತುಂಬಿ ಆಚೆ ಕಡೆ ಕಾಣೋ ಹಾಗಾಗಿ, ಮುಟ್ಟಿದರೆ ಉದುರೋ ಎಲೆಗೆ.

ಸುಮ್ನೆ_ಬಂದೆ
ನೀರು ಸ್ಪ್ರೇ ಮಾಡಿದರೆ ಆಗಲ್ವಾ? ನಾನು ದಿನಾ ಬೆಳಿಗ್ಗೆ ಪಿಚಕಾರಿ ಹೊಡೀತೀನಿ, ಎಲೆ ಫಳಫಳ ಅನ್ನುತ್ತೆ.

ಹಳೇಕುಂಡ
ಬೇಡ. ಅದು ಕುಡಿಯೋದು ಬೇರಿನಿಂದ. ಸುಳಿಯಲ್ಲಿ ನೀರು ನಿಂತು ಗಾಳಿ ಆಡದಿದ್ದರೆ ನಡುಮಧ್ಯದಿಂದ ಕೊಳೆಯುತ್ತೆ. ಬುಡ ಕೊಳೆತರೆ ತಲೆ ಉಳಿಸಬಹುದು, ಸುಳಿಯೇ ಕೊಳೆತರೆ ಆ ತಲೆ ಹೋಯ್ತು.

ಕಿಟಕಿ_ತೋಟ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕೈ ನೆರಳಿನ ಪರೀಕ್ಷೆ ಮಾಡಿದೆ. ನೆರಳೇ ಬೀಳಲಿಲ್ಲ 😅

ಇನ್ನೊಂದು ವಿಷಯ. ಹಳೇಕುಂಡ ಸರ್ ತಳದ ತೂತು ಅಂದ್ರಲ್ಲ, ನನ್ನ ಕುಂಡಕ್ಕೆ ತೂತೇ ಇಲ್ಲ. ಪಿಂಗಾಣಿ ಬಟ್ಟಲು. ಗಿಡ ಅದರಲ್ಲೇ ಬಂದಿದ್ದು. ತಳದಲ್ಲಿ ಕಲ್ಲು ಹಾಕಿದ್ದಾರೆ, ನೀರು ಅಲ್ಲಿ ಇಳಿಯುತ್ತೆ ಅಂದ್ರು.

ಮರಳುಮಣ್ಣು
ಅಯ್ಯೋ.

ಬೇರುಬಿಳಲು
ಬಂತು ನೋಡಿ ಕಲ್ಲಿನ ಕಥೆ! ಈ ವೇದಿಕೆಯಲ್ಲಿ ಯಾವ ಥ್ರೆಡ್ ಶುರುವಾದರೂ ಕೊನೆಗೆ ಇಲ್ಲಿಗೇ ಬರುತ್ತೆ.

ತಳದ ಕಲ್ಲು ನೀರು ಇಳಿಸಲ್ಲ. ಸಣ್ಣ ಕಣದ ಮಣ್ಣು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಕೆಳಗೆ ದೊಡ್ಡ ಸಂದಿಗಳ ಕಲ್ಲು ಇದ್ದರೂ, ಮೇಲಿನ ಮಣ್ಣು ಪೂರ್ತಿ ತೋಯ್ದು ತುಂಬೋವರೆಗೆ ನೀರು ಕಲ್ಲಿಗೆ ಇಳಿಯೋದೇ ಇಲ್ಲ. ಯಾವ ಕುಂಡದಲ್ಲೇ ಆಗಲಿ ಮಣ್ಣಿನ ತಳಭಾಗದಲ್ಲಿ ಒಂದು ಒದ್ದೆ ಪದರ ಉಳಿದೇ ಉಳಿಯುತ್ತೆ. ಅದರ ದಪ್ಪ ಮಣ್ಣಿನ ಗುಣದ ಮೇಲೆ ಹೋಗುತ್ತೆ, ಕುಂಡದ ಎತ್ತರದ ಮೇಲಲ್ಲ. ನೀವು ಕೆಳಗೆ ಎರಡು ಇಂಚು ಕಲ್ಲು ಹಾಕಿದರೆ ಆ ಒದ್ದೆ ಪದರ ಎರಡು ಇಂಚು ಮೇಲಕ್ಕೆ, ಅಂದರೆ ಬೇರಿಗೆ ಇನ್ನೂ ಹತ್ತಿರಕ್ಕೆ ಬಂತು. ಅಷ್ಟೇ ಆಗಿದ್ದು.

ಕಲ್ಲುಬಂಡೆ
ಪುಸ್ತಕದ ಮಾತು ಬಿಡಿ. ಮೊದಲಿಂದಲೂ ತಳದಲ್ಲಿ ಕಲ್ಲು ಹಾಕೇ ಬೆಳೆಸ್ತಿದ್ದೀನಿ. ಒಂದು ಗಿಡವೂ ಕೊಳೆತಿಲ್ಲ.

ಬೇರುಬಿಳಲು
ನಿಮ್ಮ ಮಣ್ಣು ಯಾವುದು?

ಕಲ್ಲುಬಂಡೆ
ಮುಕ್ಕಾಲು ಪಾಲು ಇಟ್ಟಿಗೆ ಚೂರು, ಕಾಲು ಪಾಲು ಎಲೆಗೊಬ್ಬರ.

ಬೇರುಬಿಳಲು
ಹಾಗಾದ್ರೆ ನಿಮ್ಮ ಗಿಡ ಬದುಕಿರೋದು ಮೇಲಿನ ಇಟ್ಟಿಗೆ ಚೂರಿನಿಂದ ಸ್ವಾಮಿ. ಕೆಳಗಿನ ಕಲ್ಲು ಸುಮ್ನೆ ಹೆಸರು ತಗೊಳ್ತಿದೆ.

ಕಲ್ಲುಬಂಡೆ
ಕಲ್ಲು ಇದ್ದರೆ ತೂತು ಕಟ್ಟಿಕೊಳ್ಳಲ್ಲ, ಕುಂಡ ಭಾರ ಇರುತ್ತೆ, ಗಾಳಿಗೆ ಬೀಳಲ್ಲ. ಅದಕ್ಕೆ ಏನಂತೀರಾ?

ಬೇರುಬಿಳಲು
ಭಾರಕ್ಕೆ ಒಪ್ಪಿದೆ. ತೂತಿಗೆ ಒಂದು ತುಂಡು ಬಲೆ ಸಾಕು.

ಮರಳುಮಣ್ಣು
@ಕಿಟಕಿ_ತೋಟ ಇವರಿಬ್ಬರೂ ಜಗಳ ಆಡ್ಕೊಳ್ಳಲಿ, ನೀವು ಆ ಬಟ್ಟಲಿಂದ ಮೊದಲು ಗಿಡ ತೆಗೀರಿ. ಮಣ್ಣೆಲ್ಲ ಉದುರಿಸಿ ಬೇರು ನೋಡಿ. ಬೇರು ಬಿಳಿ ಅಥವಾ ತಿಳಿ ಕಂದು ಇದ್ದು, ಎಳೆದರೆ ಗಟ್ಟಿ ಇದ್ದರೆ ಚೆನ್ನಾಗಿದೆ ಅಂತ. ಕಪ್ಪಾಗಿ ಸಿಪ್ಪೆ ಜಾರಿ ಬಂದರೆ ಕೊಳೆತಿದೆ. ಅಷ್ಟನ್ನ ಕತ್ತರಿಸಿ.

ಮಣ್ಣಿಗೆ: ಅರ್ಧಕ್ಕಿಂತ ಜಾಸ್ತಿ ಪಾಲು ಗಟ್ಟಿ ಕಣ ಇರಬೇಕು. ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಇಲ್ಲಾಂದ್ರೆ ಪರ್ಲೈಟ್ ಅನ್ನೋ ಬಿಳಿ ಹಗುರ ಕಣ, ಇಟ್ಟಿಗೆ ಚೂರು, ಸಣ್ಣ ಜಲ್ಲಿ. ಕಣ ಸುಮಾರು 3ರಿಂದ 6 ಮಿಲಿಮೀಟರ್ ಇರಲಿ, ದೂಳನ್ನ ಜರಡಿ ಹಿಡಿದು ತೆಗೀರಿ. ನಯವಾದ ಮರಳು ಹಾಕಬೇಡಿ, ಅದು ಸಂದಿಗಳನ್ನೆಲ್ಲ ಮುಚ್ಚಿ ಸಿಮೆಂಟ್ ಆಗುತ್ತೆ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕೂಡ ಬೇಡ. ಒಮ್ಮೆ ನೀರು ಹೀರಿದರೆ ಬೇಗ ಬಿಡಲ್ಲ.

ಬೇರು ಮುಟ್ಟಿದ ಮೇಲೆ ಕೆಲವು ದಿನ ನೀರು ಹಾಕಬೇಡಿ. ತರಚಿದ ಗಾಯ ಒಣಗಲಿ.

ಮೋಡಕವಿದಿದೆ
ಥ್ರೆಡ್ ಹಾಳು ಮಾಡ್ತಿದ್ದೀನಿ ಅನ್ಕೋಬೇಡಿ, ನನ್ನದೂ ಒಂದು ಪ್ರಶ್ನೆ. ಸೆಂಪರ್ವೈವಮ್ ಯಾಕೆ ನನ್ನ ಕೈಲಿ ಉಳಿಯಲ್ಲ? ಎಲ್ಲರೂ "ಅದನ್ನ ಸಾಯಿಸೋಕೆ ಆಗಲ್ಲ" ಅಂತಾರೆ. ಬಿಸಿಲಿದೆ, ಮಣ್ಣು ಜಲ್ಲಿ ಜಲ್ಲಿ ಇದೆ. ನಮ್ಮಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ನೀರಂಶ ಜಾಸ್ತಿ. ತಂದ ಸ್ವಲ್ಪ ದಿನಕ್ಕೇ ಬುಡ ಕಪ್ಪಾಗಿ ಕೂತುಬಿಡುತ್ತೆ.

ಎಲೆಮರೆಕಾಯಿ
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ರಾತ್ರಿಯೂ ಸೆಕೆ.

ಸೆಂಪರ್ವೈವಮ್, ಎಚೆವೇರಿಯಾ ಎಲ್ಲ ಒಂದೇ ಕುಟುಂಬ, ಈ ಕುಟುಂಬದ ಗಿಡಗಳು ಉಸಿರಾಡೋ ರೀತಿಯೇ ಬೇರೆ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತಗೊಳ್ತವೆ. ಇವು ಹಗಲು ತೆರೆದರೆ ನೀರು ಆವಿಯಾಗಿ ಹೋಗುತ್ತೆ ಅಂತ ಬಾಗಿಲು ಹಾಕ್ಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ತಗೊಂಡಿದ್ದನ್ನ ಮ್ಯಾಲಿಕ್ ಆಮ್ಲವಾಗಿ ಎಲೆಯೊಳಗೆ ಕೂಡಿಟ್ಟು, ಹಗಲು ಬೆಳಕು ಬಂದಾಗ ಆಹಾರ ಮಾಡ್ಕೊಳ್ತವೆ. ಈ ವ್ಯವಸ್ಥೆ ಚೆನ್ನಾಗಿ ನಡೆಯೋಕೆ ರಾತ್ರಿ ತಂಪಿರಬೇಕು. ರಾತ್ರಿಯೂ ಬಿಸಿ ಇದ್ದರೆ ಗಿಡ ಕೂಡಿಡೋದು ಕಮ್ಮಿ, ಖರ್ಚು ಮಾಡೋದು ಜಾಸ್ತಿ. ಸೋತ ಗಿಡಕ್ಕೆ ಒದ್ದೆ ಮಣ್ಣಿನ ಶಿಲೀಂಧ್ರ ತಗುಲಿದರೆ ಮುಗೀತು.

ಸೆಂಪರ್ವೈವಮ್ ಯುರೋಪಿನ ಆಲ್ಪ್ಸ್ ಥರದ ಬೆಟ್ಟಗಳ ಗಿಡ. ಹಿಮದಡಿ ತಿಂಗಳುಗಟ್ಟಲೆ ಕೂತು ಎದ್ದು ಬರುತ್ತೆ. "ಸಾಯಿಸೋಕೆ ಆಗಲ್ಲ" ಅನ್ನೋರು ಚಳಿ ನಾಡಿನವರು. ನಿಮ್ಮ ಹವಾಮಾನಕ್ಕೆ ಗ್ರಾಪ್ಟೊಪೆಟಾಲಂ ಪ್ಯಾರಾಗ್ವಾಯೆನ್ಸೆ ಇಟ್ಟು ನೋಡಿ. ಬೂದು ಬಣ್ಣದ, ಅದೇ ಥರ ಸುತ್ತಿನ ಗಿಡ. ಸೆಕೆಯನ್ನ ಎಷ್ಟೋ ಚೆನ್ನಾಗಿ ತಡೆಯುತ್ತೆ.

ಸೊಪ್ಪುಸದೆ
ಎಲೆಮರೆಕಾಯಿ ಹೇಳಿದ ಆಮ್ಲದ, ಅಂದರೆ ಹುಳಿಯ ವಿಷಯ ನಿಜ. ಕಾಡುಬಸಳೆಯೂ ಇದೇ ಕುಟುಂಬ. ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಅಂತ ಬೆಂಜಮಿನ್ ಹೇಯ್ನ್ ಅನ್ನೋ ಸಸ್ಯಶಾಸ್ತ್ರಜ್ಞ ಬರೆದಿದ್ದು 1815ರಲ್ಲೇ ಅಚ್ಚಾಗಿದೆ. ನಾಲಿಗೆಯಲ್ಲೇ ಪ್ರಯೋಗ ಮಾಡಿದ ಮನುಷ್ಯ!

ಎಲೆಮರೆಕಾಯಿ
ಇದನ್ನ ಓದಿ ಯಾರೂ ಕುಂಡದ ಎಲೆ ಅಗಿಯೋಕೆ ಹೋಗಬೇಡಿ. ಕಾಡುಬಸಳೆಯಲ್ಲಿ ಹೃದಯಕ್ಕೆ ತೊಂದರೆ ಕೊಡೋ ಅಂಶ ಇದೆ. ದನಕರು ತಿಂದು ಸತ್ತಿದ್ದೂ ಇದೆ.

ಮೋಡಕವಿದಿದೆ
ಓ, ಈಗ ಅರ್ಥ ಆಯ್ತು. ಹಾಗಾದ್ರೆ ಅಯೋನಿಯಂ? ಅದೂ ಸೆಕೆಗಾಲದಲ್ಲಿ ಎಲೆ ಉದುರಿಸಿ ಸುಳಿ ಮುಚ್ಚಿಕೊಂಡು ಕೂತಿದೆ. ಸಾಯ್ತಿದೆ ಅಂತ ನೀರು ಹಾಕ್ತಾನೇ ಇದ್ದೀನಿ.

ಟೆರೇಸ್_ರಾಣಿ
ನಿಲ್ಲಿಸಿ! ಅದು ಮಲಗಿದೆ. ಅಯೋನಿಯಂ ಹೆಚ್ಚಿನವು ಕ್ಯಾನರಿ ದ್ವೀಪಗಳವು. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಆಗ ಬೆಳೀತವೆ. ಬೇಸಿಗೆಯಲ್ಲಿ ಹೊರಗಿನ ಎಲೆ ಬಿಟ್ಟುಕೊಟ್ಟು ಸುಳಿ ಮುಚ್ಚಿ ನಿದ್ದೆ. ನೆರಳಿಗೆ ಸರಿಸಿ, ಕಾಂಡ ಸುಕ್ಕಾದರೆ ಮಾತ್ರ ಅಪರೂಪಕ್ಕೆ ನೀರು. ತಂಪು ಬಂದಾಗ ತಾನೇ ಅರಳುತ್ತೆ. ಎಚೆವೇರಿಯಾ ಲೆಕ್ಕ ಇದಕ್ಕೆ ಹಾಕಬೇಡಿ.

ಗುಬ್ಬಚ್ಚಿ
ನನ್ನದರಲ್ಲಿ ಮೊಗ್ಗು ಬಂದಿದೆ! ಹೂ ಬಿಟ್ಟರೆ ಗಿಡ ಸಾಯುತ್ತೆ ಅಂತ ಯಾರೋ ಹೇಳಿದ್ರು. ಮೊಗ್ಗು ಕಿತ್ತು ಹಾಕಲಾ?

ಹಳೇಕುಂಡ
ಯಾವ ಗಿಡ ಅಂತ ಹೇಳದೆ ಹೇಗಮ್ಮಾ ಉತ್ತರ ಕೊಡೋದು?

ಗುಬ್ಬಚ್ಚಿ
ಪರ್ಲ್ ವಾನ್ ನ್ಯೂರ್ನ್‌ಬರ್ಗ್ ಅನ್ನೋ ಎಚೆವೇರಿಯಾ.

ಹಳೇಕುಂಡ
ಹಾಗಾದ್ರೆ ಆರಾಮಾಗಿರಿ. ಎಚೆವೇರಿಯಾಗಳಿಗೆ ಹೂವಿನ ಕಡ್ಡಿ ಎಲೆ ಬುಡದಿಂದ ಪಕ್ಕಕ್ಕೆ ಬರುತ್ತೆ. ನಡುವಿನ ಸುಳಿ ಹಾಗೇ ಉಳಿದು ಬೆಳೀತಾ ಹೋಗುತ್ತೆ. ವರ್ಷ ವರ್ಷ ಹೂ ಬಿಡುತ್ತೆ.

ಸುಳಿಯೇ ಎದ್ದು ಹೂವಾಗಿಬಿಡೋ ಗಿಡಗಳ ವಿಷಯ ಬೇರೆ. ಸೆಂಪರ್ವೈವಮ್, ಅಯೋನಿಯಂ, ಅಗಾವೆ. ಅಲ್ಲಿ ಇಡೀ ತಲೆಯೇ ಹೂವಾಗಿ ಮುಗಿದುಹೋಗುತ್ತೆ, ಮುಂದೆ ಎಲೆ ಬಿಡೋಕೆ ತುದಿಯೇ ಉಳಿದಿರಲ್ಲ. ಕಡ್ಡಿ ಕತ್ತರಿಸಿದರೂ ತಲೆ ವಾಪಸ್ ಬರಲ್ಲ. ಸೆಂಪರ್ವೈವಮ್ ಅಷ್ಟರಲ್ಲಿ ಸುತ್ತ ಮರಿ ಹಾಕಿರುತ್ತೆ, ಹಾಗಾಗಿ ನಷ್ಟ ಇಲ್ಲ. ಅಯೋನಿಯಂ ಟ್ಯಾಬುಲಿಫಾರ್ಮೆ ಥರ ಒಂಟಿ ತಲೆಯದಾದರೆ ಬೀಜವೇ ಗತಿ. ಅಗಾವೆ ಅಮೆರಿಕಾನಾ ನೂರು ವರ್ಷಕ್ಕೊಮ್ಮೆ ಹೂ ಬಿಡುತ್ತೆ ಅನ್ನೋದು ಬರೀ ಮಾತು. ಸಾಮಾನ್ಯವಾಗಿ 10ರಿಂದ 30 ವರ್ಷದೊಳಗೆ ಬಿಟ್ಟು, ಆ ತಲೆ ಒಣಗುತ್ತೆ.

ಸುಮ್ನೆ_ಬಂದೆ
ಹೂ ಬಿಟ್ಟರೆ ಗಿಡ ಸೊರಗುತ್ತೆ, ಕಡ್ಡಿ ತೆಗೀಬೇಕು ಅಂತ ಕೆಲವರು ಹೇಳ್ತಾರಲ್ಲ?

ಟೆರೇಸ್_ರಾಣಿ
ಸೋತಿರೋ ಗಿಡ ಆದರೆ ತೆಗೀರಿ. ಚೆನ್ನಾಗಿದ್ದರೆ ಹೂ ನೋಡಿ. ಒಂದು ಎಚ್ಚರಿಕೆ: ಗಿಡಹೇನು ಮತ್ತು ಹಿಟ್ಟು ತಿಗಣೆಗೆ ಆ ಕಡ್ಡಿ ಅಂದರೆ ಪ್ರಾಣ. ಮೊಗ್ಗಿನ ಸಂದಿ ನೋಡ್ತಾ ಇರಿ.

ಇನ್ನೊಂದು ಉಪಯೋಗವೂ ಇದೆ. ಗಿಬ್ಬಿಫ್ಲೋರಾ ಥರದ ದೊಡ್ಡ ಎಚೆವೇರಿಯಾಗಳ ದೊಡ್ಡ ಎಲೆಯಿಂದ ಮರಿ ಬರೋದು ಕಷ್ಟ. ಆದರೆ ಹೂಕಡ್ಡಿ ಮೇಲಿರೋ ಪುಟ್ಟ ಎಲೆ ಕಿತ್ತು ಮಣ್ಣ ಮೇಲೆ ಇಟ್ಟರೆ ಎಷ್ಟೋ ಸಲ ಮರಿ ಬರುತ್ತೆ.

ಮರಿಗಿಡ
ಹಿಟ್ಟು ತಿಗಣೆ ಅಂದ್ರಲ್ಲ, ನನ್ನ ಗಿಡದ ಸುಳಿಯಲ್ಲಿ ಹತ್ತಿ ಉಂಡೆ ಥರ ಬಿಳಿ ಬಿಳಿ ಇದೆ. ಬೇವಿನೆಣ್ಣೆ ಹೊಡೆದೆ. ಹುಳ ಕಮ್ಮಿ ಆಯ್ತು, ಆದರೆ ಎಲೆ ಮೇಲಿನ ಬೂದು ಪುಡಿಯೆಲ್ಲ ಹೋಗಿ ಎಣ್ಣೆ ಕಲೆ ಉಳೀತು. ಇದು ವಾಪಸ್ ಬರುತ್ತಾ?

ಎಲೆಮರೆಕಾಯಿ
ಆ ಎಲೆಗಳಿಗೆ ಬರಲ್ಲ. ಆ ಪುಡಿಗೆ ಫರೀನಾ ಅಂತಾರೆ, ಎಲೆ ತಾನೇ ಹೊರಗೆ ಹಾಕೋ ಮೇಣ ಅದು. ಬಿಸಿಲಿನ ತೀಕ್ಷ್ಣತೆ ತಡೆಯುತ್ತೆ, ನೀರು ಜಾರಿ ಹೋಗೋ ಹಾಗೆ ಮಾಡುತ್ತೆ. ಬಲಿತ ಎಲೆ ಮತ್ತೆ ಅಷ್ಟು ಮೇಣ ಹಾಕಲ್ಲ. ಹೊಸ ಎಲೆ ಪುಡಿ ಹೊತ್ತೇ ಬರುತ್ತೆ, ಹಳೆಯವು ಕೆಳಗೆ ಸರಿದು ಉದುರೋವರೆಗೆ ಕಾಯಬೇಕು. ಗಿಡ ಎತ್ತುವಾಗ ಕುಂಡ ಹಿಡೀರಿ, ಎಲೆ ಹಿಡೀಬೇಡಿ ಅನ್ನೋದು ಅದಕ್ಕೇ.

ಎಣ್ಣೆ ಹಚ್ಚಿದ ಗಿಡವನ್ನ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತೆ. ಈಗಲೇ ನೆರಳಿಗೆ ತನ್ನಿ.

ಕಮ್ಮಿ ಇದ್ದಾಗ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕೋ ಹತ್ತಿ ಕಡ್ಡಿ. ಹುಳದ ಮೇಲೆ ಮಾತ್ರ ಮುಟ್ಟಿಸಿ, ಪುಡಿ ಅಲ್ಲಷ್ಟೇ ಹೋಗುತ್ತೆ. ಮೊಟ್ಟೆ ಉಳಿದಿರುತ್ತೆ, ಹಾಗಾಗಿ ವಾರ ಬಿಟ್ಟು ಮತ್ತೆ, ಇನ್ನೊಂದು ವಾರ ಬಿಟ್ಟು ಮತ್ತೆ ನೋಡಬೇಕು. ಮೇಲೆಲ್ಲ ಸ್ವಚ್ಛ ಇದ್ದರೂ ಗಿಡ ಬೆಳೀತಿಲ್ಲ ಅಂದರೆ ಕುಂಡದಿಂದ ಎಳೆದು ನೋಡಿ. ಬೇರಿಗೂ ಬರುವ ತಿಗಣೆ ಇದೆ, ಕುಂಡದ ಒಳಗೋಡೆಗೆ ಬಿಳಿ ಪುಡಿ ಅಂಟಿರುತ್ತೆ.

ಚಿಗುರು_ಚಿಗುರು
ನೀಲಿ, ನೇರಳೆ, ಕಾಮನಬಿಲ್ಲಿನ ಬಣ್ಣದ ಎಚೆವೇರಿಯಾ ಬೀಜ ಆನ್‌ಲೈನ್‌ನಲ್ಲಿ ನೋಡಿದೆ. ಯಾರಾದ್ರೂ ತರಿಸಿದ್ದೀರಾ?

ಹಳೇಕುಂಡ
ದುಡ್ಡು ನೀರಿಗೆ ಹಾಕಬೇಕು ಅಂತಿದ್ದರೆ ತರಿಸಿ. ಫೋಟೋಗೆ ಬಣ್ಣ ಬಳಿದಿದ್ದಾರೆ. ಎಚೆವೇರಿಯಾ ಬೀಜ ದೂಳಿನಷ್ಟು ಸಣ್ಣದು. ಕಾಳು ಕಾಳಾಗಿ ಬಂದರೆ ಅದು ಬೇರೆ ಯಾವುದೋ ಗಿಡದ್ದು.

ಟೆರೇಸ್_ರಾಣಿ
ನಿಜವಾದ ಬಣ್ಣ ಬೇಕಿದ್ದರೆ ಚೆನ್ನಾಗಿ ಬಿಸಿಲು, ತಂಪು ರಾತ್ರಿ, ನೀರು ಗೊಬ್ಬರ ಕಮ್ಮಿ. ಆಗ ಎಲೆಯಲ್ಲಿ ಆಂಥೋಸಯನಿನ್ ಅನ್ನೋ ಬಣ್ಣದ ಅಂಶ ಹೆಚ್ಚಾಗಿ ಕೆಂಪು, ಗುಲಾಬಿ ಬರುತ್ತೆ. ಇದು ಮೊದಲ ಪೋಸ್ಟಿಗೂ ಉತ್ತರ. ಕಿಟಕಿ_ತೋಟ ಅವರ ಗಿಡ ಹಸಿರಾಗಿದ್ದು ಬೆಳಕು ಕಮ್ಮಿ ಆಗಿದ್ದಕ್ಕೆ.

ಬೇರುಬಿಳಲು
ಬಣ್ಣದ ಹುಚ್ಚಿಗೆ ಗಿಡವನ್ನ ಬಾಯಾರಿಸಿ ಬಾಯಾರಿಸಿ ಇಡೋದು ನನಗೆ ಇಷ್ಟ ಆಗಲ್ಲ. ಫೋಟೋಗೆ ಚೆಂದ, ಗಿಡಕ್ಕೆ ಹಿಂಸೆ.

ಟೆರೇಸ್_ರಾಣಿ
ಅವುಗಳ ಊರಿನ ಬಂಡೆ ಮೇಲೂ ಅದೇ ಹಿಂಸೆ ಇದೆಯಲ್ಲ. ನೀವು ಗೊಬ್ಬರ ಹಾಕಿ ಹಾಕಿ ಉಬ್ಬಿಸೋದೇ ಅಸಹಜ.

ಸೊಪ್ಪುಸದೆ
ಬಂಡೆ ಅಂದಿದ್ದಕ್ಕೆ ನೆನಪಾಯ್ತು. ಕ್ಯಾಲಿಫೋರ್ನಿಯಾದ ಕಡಲ ಬಂಡೆಗಳ ಮೇಲೆ ಡಡ್ಲೆಯಾ ಅಂತ ಇದೇ ಥರದ ಬಿಳಿ ಪುಡಿಯ ಗಿಡ ಇದೆ. ಕಳ್ಳರು ಅದನ್ನ ಮೂಟೆಗಟ್ಟಲೆ ಕಿತ್ತು ಹೊರದೇಶಕ್ಕೆ ಸಾಗಿಸ್ತಿದ್ದರು. ಕೊನೆಗೆ 2021ರಲ್ಲಿ ಆ ರಾಜ್ಯ ಈ ಗಿಡಕ್ಕೆ ಅಂತಲೇ ಕಾನೂನು ಮಾಡಬೇಕಾಯ್ತು. ಕಾಡಿನ ಡಡ್ಲೆಯಾ ಕದಿಯೋದೂ ಮಾರೋದೂ ಅಪರಾಧ ಅಂತ. ಹಾಗಾಗಿ ಅಪರೂಪದ ಜಾತಿ ಕೊಳ್ಳುವಾಗ ನರ್ಸರಿಯಲ್ಲಿ ಬೆಳೆಸಿದ್ದಾ ಅಂತ ಕೇಳಿ. ಎಲೆ ಮೇಲೆ ಹಳೇ ಗಾಯ, ಮುರಿದ ದಪ್ಪ ಬೇರು, ವಯಸ್ಸಾದ ಕಾಂಡ ಇದ್ದು "ಈಗಷ್ಟೇ ಬಂತು" ಅಂದರೆ ಅನುಮಾನ ಪಡಿ.

ಕಲ್ಲುಬಂಡೆ
ಇದು ಗೊತ್ತಿರಲಿಲ್ಲ. ಒಳ್ಳೆ ಮಾಹಿತಿ.

ಲೆಕ್ಕದ_ಮೇಷ್ಟ್ರು
ಯಾರಾದ್ರೂ ಸುತ್ತು ಎಣಿಸಿದ್ದೀರಾ? ಒಂದು ಎಲೆಗೂ ಮುಂದಿನದಕ್ಕೂ ನಡುವಿನ ಕೋನ ಸುಮಾರು 137.5 ಡಿಗ್ರಿ. ಹಾಗೆ ಇಟ್ಟರೆ ಯಾವ ಎಲೆಯೂ ಇನ್ನೊಂದರ ನೇರ ಮೇಲೆ ಬರಲ್ಲ, ಎಲ್ಲಕ್ಕೂ ಬೆಳಕು ಸಿಗುತ್ತೆ. ಮೇಲಿನಿಂದ ನೋಡಿ ಬಲಕ್ಕೆ ತಿರುಗೋ ಸಾಲು ಎಣಿಸಿ, ಎಡಕ್ಕೆ ತಿರುಗೋದು ಎಣಿಸಿ. 5 ಮತ್ತು 8, ಇಲ್ಲಾ 8 ಮತ್ತು 13 ಬರೋ ಸಾಧ್ಯತೆ ಜಾಸ್ತಿ.

ಗುಬ್ಬಚ್ಚಿ
ಎಣಿಸಿದೆ. ಒಂದು ಕಡೆ 8, ಇನ್ನೊಂದು ಕಡೆ ಎಣಿಸ್ತಾ ಎಣಿಸ್ತಾ ತಲೆ ತಿರುಗ್ತು.

ಲೆಕ್ಕದ_ಮೇಷ್ಟ್ರು
ಶುರು ಮಾಡಿದ ಎಲೆಗೆ ಒಂದು ದಾರ ಸಿಕ್ಕಿಸಿ ಎಣಿಸಿ.

ಎಲೆಮರೆಕಾಯಿ
ಪುಡಿ ಹೋಗುತ್ತೆ ಮೇಷ್ಟ್ರೇ! ಫೋಟೋ ತೆಗೆದು ಅದರ ಮೇಲೆ ಎಣಿಸಲಿ.

ಕಿಟಕಿ_ತೋಟ
ನಾನು ಎರಡು ದಿನ ಬರದೇ ಇದ್ದರೆ ಥ್ರೆಡ್ ಎಲ್ಲೆಲ್ಲೋ ಹೋಗಿದೆ 😀 ಎಲ್ಲ ಓದಿದೆ.

ಬಟ್ಟಲಿಂದ ಗಿಡ ತೆಗೆದೆ. ಕಲ್ಲಿನ ಮೇಲಿನ ಮಣ್ಣು ಕಪ್ಪಾಗಿ ಮೆತ್ತಗೆ ಇತ್ತು, ಮೇಲ್ಭಾಗ ಮಾತ್ರ ಒಣ. ತಳದ ಬೇರು ಸ್ವಲ್ಪ ಕೊಳೆತಿದೆ, ಮೇಲಿನವು ಚೆನ್ನಾಗಿವೆ. ಕತ್ತರಿಸೋದು ಅಂತ ನಿರ್ಧಾರ ಮಾಡಿದ್ದೀನಿ. ಹೇಗೆ ಅಂತ ಸರಿಯಾಗಿ ಹೇಳಿ. ಎಲ್ಲಿ ಕತ್ತರಿಸಲಿ? ಮತ್ತೆ ಉಳಿದ ಮೋಟನ್ನ ಬಿಸಾಡಬೇಕಾ?

ಟೆರೇಸ್_ರಾಣಿ
ಮೋಟು ಬಿಸಾಡಿದ್ರೋ ನೋಡಿ!

ಹೀಗೆ ಮಾಡಿ. ಒತ್ತಾಗಿರೋ ಸುತ್ತಿನ ಕೆಳಗೆ ಒಂದೂವರೆ ಇಂಚಿನಷ್ಟು ಕಾಂಡ ತಲೆಯ ಜೊತೆ ಉಳಿಯಬೇಕು. ಅಷ್ಟು ಭಾಗದಲ್ಲಿ ಎಲೆ ಇದ್ದರೆ ಮೊದಲೇ ಬಿಡಿಸಿ. ಬಿಡಿಸುವಾಗ ಎಳೀಬೇಡಿ. ಎಲೆಯ ಬುಡ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಿ, ಪಟ್ ಅಂತ ಪೂರ್ತಿ ಬುಡದ ಸಮೇತ ಕಳಚಬೇಕು. ಬುಡ ಹರಿದ ಎಲೆಯಿಂದ ಮರಿ ಬರಲ್ಲ, ಯಾಕಂದ್ರೆ ಚಿಗುರೋ ಜಾಗ ಅಲ್ಲೇ ಇರೋದು. ಬ್ಲೇಡನ್ನ ಸ್ಪಿರಿಟ್‌ನಲ್ಲಿ ಒರೆಸಿ, ಒಂದೇ ಏಟಿಗೆ ಕತ್ತರಿಸಿ. ಕತ್ತರಿಸಿದ ಕಡೆ ತಿಳಿ ಹಸಿರು ಇಲ್ಲಾ ಬಿಳಿ ಇರಬೇಕು. ನಡುವೆ ಕಂದು ಚುಕ್ಕೆ ಕಂಡರೆ ಕೊಳೆ ಮೇಲೆ ಬಂದಿದೆ ಅಂತ. ಪೂರ್ತಿ ಸ್ವಚ್ಛ ಆಗೋವರೆಗೆ ಮೇಲೆ ಮೇಲೆ ಕತ್ತರಿಸ್ತಾ ಹೋಗಿ, ಪ್ರತಿ ಸಲ ಬ್ಲೇಡ್ ಒರೆಸಿ.

ತಲೆಯನ್ನ ನೆರಳಲ್ಲಿ, ಗಾಳಿ ಆಡೋ ಕಡೆ ಕೆಲವು ದಿನ ಸುಮ್ನೆ ಇಡಿ. ಖಾಲಿ ಲೋಟದ ಬಾಯಿ ಮೇಲೆ ಕೂರಿಸಿದರೆ ಎಲೆಗೆ ಪೆಟ್ಟಾಗಲ್ಲ, ಕಾಂಡಕ್ಕೂ ಗಾಳಿ ತಾಗುತ್ತೆ. ಗಾಯ ಒಣಗಿ ಗಟ್ಟಿ ಆದ ಮೇಲೆ ಒಣ ಮಣ್ಣಿನ ಮೇಲೆ ಕೂರಿಸಿ. ಬೇರು ಕಾಣಿಸಿದ ಮೇಲೆ ನೀರು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಅಲ್ಲಾಡಿಸಿ ಅಲ್ಲಾಡಿಸಿ ನೋಡಬೇಡಿ, ಎಳೆ ಬೇರು ಮುರಿಯುತ್ತೆ.

ಮೋಟಿನ ಮೇಲೆ ಎರಡು ಮೂರು ಎಲೆ ಉಳಿಸಿ. ಅದರ ಗೆಣ್ಣುಗಳಿಂದ ಪಕ್ಕದ ಚಿಗುರು ಬರುತ್ತೆ, ಒಂದಲ್ಲ, ಹಲವು. ಎಲೆ ಇದ್ದರೆ ಆಹಾರ ಇರುತ್ತೆ, ಬೇಗ ಬರುತ್ತೆ.

ಕಿಟಕಿ_ತೋಟ
ಬಿಡಿಸಿದ ಎಲೆಗಳನ್ನ ನೆಡಬೇಕಾ?

ಮರಿಗಿಡ
ನೆಡಬೇಡಿ, ಮಲಗಿಸಿ. ಮಣ್ಣಿನ ಮೇಲೆ ಅಂಗಾತ ಇಡಿ, ನೆರಳು ಬೆಳಕಿನಲ್ಲಿ. ಮೊದಲು ಗುಲಾಬಿ ಬಣ್ಣದ ನೂಲಿನಂಥ ಬೇರು ಬರುತ್ತೆ, ಆಮೇಲೆ ಸಾಸಿವೆಯಷ್ಟು ಪುಟಾಣಿ ಸುತ್ತು. ಕೆಲವು ಬರೀ ಬೇರು ಬಿಟ್ಟು ನಿಂತುಬಿಡ್ತವೆ, ಕೆಲವು ಸುಮ್ನೆ ಕೊಳೀತವೆ. ಬೇರು ಬಂದ ಮೇಲೆ ಸ್ವಲ್ಪ ಸ್ವಲ್ಪ ನೀರು. ತಾಯೆಲೆ ತಾನಾಗೇ ಒಣಗಿ ಬೀಳೋವರೆಗೆ ಕೀಳಬೇಡಿ, ಮರಿ ಅದನ್ನೇ ಕುಡೀತಿರುತ್ತೆ.

ಹಳೇಕುಂಡ
ಎಲ್ಲ ಗಿಡಕ್ಕೂ ಇದು ನಡೆಯಲ್ಲ ಅಂತಲೂ ಹೇಳಿ. ಅಯೋನಿಯಂ, ಸೆಂಪರ್ವೈವಮ್ ಎಲೆಯಿಂದ ಬರೋದು ತೀರಾ ಅಪರೂಪ. ಅವಕ್ಕೆ ಕೊಂಬೆ ಇಲ್ಲಾ ಮರಿ.

ಕಿಟಕಿ_ತೋಟ
ಹೊಸ ತಲೆಯನ್ನ ನೇರ ಬಿಸಿಲಿಗೆ ಇಡಬಹುದಾ? ಹೊರಗೆ ಜಾಗ ಮಾಡಿದ್ದೀನಿ.

ಎಲೆಮರೆಕಾಯಿ
ಬೇರು ಬರೋವರೆಗೆ ಬೇಡವೇ ಬೇಡ, ಕುಡಿಯೋಕೆ ದಾರಿ ಇಲ್ಲದ ಗಿಡ ಅದು. ಆಮೇಲೂ ಒಂದೇ ಸಲ ಬೇಡ. ಒಳಗಿದ್ದ ಎಲೆ ಬಿಸಿಲು ನೋಡಿಲ್ಲ. ಮೊದಲು ಬೆಳಗಿನ ಬಿಸಿಲು ಸ್ವಲ್ಪ ಹೊತ್ತು, ಎರಡು ವಾರದಲ್ಲಿ ಮೆಲ್ಲಗೆ ಹೆಚ್ಚಿಸಿ. ಸುಟ್ಟ ಕಲೆ ಬಿಳಿಚಿಕೊಂಡು ಆಮೇಲೆ ಕಂದಾಗುತ್ತೆ, ಆ ಎಲೆ ಇರೋವರೆಗೂ ಹೋಗಲ್ಲ. ಹೊರಗೆ ಮಳೆ ಬೀಳುತ್ತಾ ಅಂತ ಬೇರೆ ನೋಡ್ಕೊಳ್ಳಿ.

ಮರಳುಮಣ್ಣು
ಹೊರಗೆ ಆಗದಿದ್ದರೆ ಗ್ರೋ ಲೈಟ್. ಬಿಳಿ ಎಲ್ಇಡಿ ಸಾಕು, ನೇರಳೆ ಬಣ್ಣದ್ದು ಬೇಡ. ಗಿಡದಿಂದ ಒಂದಡಿಯೊಳಗೆ, ದಿನಕ್ಕೆ 12ರಿಂದ 14 ಗಂಟೆ. ರಾತ್ರಿ ಆರಿಸಿ. ಕತ್ತಲೂ ಬೇಕು ಅವಕ್ಕೆ, ಮೇಲೆ ಯಾಕೆ ಅಂತ ಎಲೆಮರೆಕಾಯಿ ಬರೆದಿದ್ದಾರೆ.

ಮರಿಗಿಡ
ಎಲೆಮರೆಕಾಯಿ, ಹತ್ತಿ ಕಡ್ಡಿ ಕೆಲಸ ಮಾಡ್ತು. ಆದರೆ ತಿಗಣೆ ಮತ್ತೆ ಮತ್ತೆ ಬರ್ತಿದೆ. ಕುಂಡದ ಸುತ್ತ ಸಣ್ಣ ಕಪ್ಪು ಇರುವೆ ಸಾಲು ಇದೆ. ಅವು ತಿಗಣೆ ತಿನ್ನುತ್ತವೆ ಅಂತ ಬಿಟ್ಟಿದ್ದೀನಿ.

ಎಲೆಮರೆಕಾಯಿ
ತಿನ್ನಲ್ಲ, ಸಾಕ್ತವೆ! ತಿಗಣೆ ಹೊರಹಾಕೋ ಸಿಹಿ ಅಂಟು ಇರುವೆಗೆ ಬೇಕು. ಅದಕ್ಕೋಸ್ಕರ ತಿಗಣೆ ತಿನ್ನೋ ಹುಳಗಳನ್ನ ಓಡಿಸ್ತವೆ, ಮರಿಗಳನ್ನ ಗಿಡದಿಂದ ಗಿಡಕ್ಕೆ ಹೊತ್ತುಕೊಂಡೂ ಹೋಗ್ತವೆ. ಇರುವೆ ದಾರಿ ಮೊದಲು ಕಟ್ ಮಾಡಿ.

ಕಲ್ಲುಬಂಡೆ
ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿಟ್ಟು, ಅದರ ಮೇಲೆ ಕುಂಡ ಇಡಿ. ಇರುವೆ ದಾಟಲ್ಲ, ಕುಂಡದ ತಳಕ್ಕೂ ನೀರು ತಾಗಲ್ಲ. ಬೇರುಬಿಳಲು ಅವರೇ, ಇಲ್ಲಿ ಕಲ್ಲು ಹಾಕಬಹುದು ತಾನೇ?

ಬೇರುಬಿಳಲು
ಕುಂಡದ ಹೊರಗೆ ಎಷ್ಟು ಬೇಕಾದ್ರೂ ಹಾಕಿ. ತಟ್ಟೆ ನೀರನ್ನ ಆಗಾಗ ಬದಲಾಯಿಸಿ, ಸೊಳ್ಳೆ ಮೊಟ್ಟೆ ಇಡುತ್ತೆ.